ಐಸಿಯುನಲ್ಲಿರುವ ಅಮ್ಮ ಏನೇನೋ ಮಾತಾಡುತ್ತಿದ್ದಾರೆ, ಬುದ್ಧಿ ಕೆಟ್ಟಿತಾ?

ಪ್ರಶ್ನೆ: ಅಮ್ಮನಿಗೆ 72 ವರ್ಷ. ನ್ಯುಮೋನಿಯಾ ಆಗಿ ಐಸಿಯುನಲ್ಲಿದ್ದಾರೆ. ಜ್ವರ ಇಳಿದಿದೆ. ಆದರೆ ನಿನ್ನೆಯಿಂದ ನನ್ನ ಗುರುತೇ ಸಿಗುತ್ತಿಲ್ಲ. ತೀರಿಹೋದ ಅಜ್ಜಿ ಬಾಗಿಲಲ್ಲಿ ನಿಂತಿದ್ದಾರೆ ಅಂತಾರೆ, ನರ್ಸ್ ವಿಷ ಹಾಕುತ್ತಾರೆ ಅಂತ ಕೂಗುತ್ತಾರೆ. ಬುದ್ಧಿ ಕೆಟ್ಟಿತಾ?

ಉತ್ತರ: ನೀವು ಹೇಳಿದ್ದನ್ನು ನೋಡಿದರೆ ಇದು ಡೆಲಿರಿಯಂ ಇರಬಹುದು, ಅಂದರೆ ಕಾಯಿಲೆಯ ನಡುವೆ ಇದ್ದಕ್ಕಿದ್ದಂತೆ ಮನಸ್ಸು ಗೊಂದಲಕ್ಕೆ ಬೀಳುವ ಸ್ಥಿತಿ. ಇದು ಹುಚ್ಚಲ್ಲ. ಮರೆವಿನ ಕಾಯಿಲೆಯೂ ಹೀಗೆ ರಾತ್ರೋರಾತ್ರಿ ಬರುವುದಿಲ್ಲ. ಮೈಗೆ ಬಂದ ಕಾಯಿಲೆಯ ಪೆಟ್ಟು ಮಿದುಳಿಗೂ ತಟ್ಟಿದೆ, ಅಷ್ಟೇ. ಐಸಿಯುನಲ್ಲಿ ಇದು ಬಹಳ ಸಾಮಾನ್ಯ. 2013ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಉಸಿರಾಟದ ತೊಂದರೆ ಅಥವಾ ಶಾಕ್‌ನಿಂದ (ಬಿಪಿ ಅಪಾಯದ ಮಟ್ಟಕ್ಕೆ ಕುಸಿಯುವುದು) ಐಸಿಯು ಸೇರಿದ್ದ 821 ಜನರಲ್ಲಿ 74% ಮಂದಿಗೆ ಡೆಲಿರಿಯಂ ಕಾಣಿಸಿತ್ತು.

ಅಜ್ಜಿ ಕಂಡರು ಅಂದ ಕೂಡಲೇ ಮನೆಯಲ್ಲಿ ಯಾರೋ ಒಬ್ಬರು 'ಕರೆಯೋಕೆ ಬಂದಿದ್ದಾರೆ' ಅಂದಿರುತ್ತಾರೆ, ಅಲ್ವಾ? ಆ ಮಾತಿಗೆ ದಯವಿಟ್ಟು ಹೆದರಬೇಡಿ. ಇಲ್ಲದ್ದು ಕಾಣುವುದು ಡೆಲಿರಿಯಂನ ಒಂದು ಲಕ್ಷಣ. ವಿಷದ ಮಾತೂ ಹಾಗೆಯೇ. ಅದನ್ನು ನಂಬಿ ನರ್ಸ್ ಮೇಲೆ ರೇಗಬೇಡಿ. ಹಾಗಂತ ಅಮ್ಮನ ಜೊತೆ ವಾದಕ್ಕೂ ಇಳಿಯಬೇಡಿ. ಅವರಿಗೆ ಆ ಭಯ ನಿಜ. 'ನಾನಿದ್ದೀನಮ್ಮ, ಇದು ಆಸ್ಪತ್ರೆ, ನೀನು ಹುಷಾರಾಗ್ತಿದ್ದೀಯ' ಅಂತ ಕೈ ಹಿಡಿದು ಮೆಲ್ಲಗೆ ಹೇಳಿ. ಮತ್ತೆ ಮತ್ತೆ ಹೇಳಬೇಕಾಗುತ್ತದೆ.

ಕಾರಣ ಒಂದೇ ಇರುವುದಿಲ್ಲ. ಸೋಂಕು, ಆಕ್ಸಿಜನ್ ಇಳಿಯುವುದು, ನೋವು, ಮಂಪರು ಬರಿಸುವ ಔಷಧಿ, ನಿದ್ದೆ ಇಲ್ಲದಿರುವುದು, ಎಲ್ಲವೂ ಸೇರಿಕೊಳ್ಳುತ್ತವೆ. ವಯಸ್ಸಾದವರಲ್ಲಿ ಸೋಡಿಯಂ ಕಡಿಮೆಯಾದರೂ ಹೀಗಾಗುತ್ತದೆ. ಬಿಪಿಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಸೋಡಿಯಂ ಇಳಿಯಬಹುದು. ಮೂತ್ರ ಕಟ್ಟಿದ್ದರೆ, ಮಲಬದ್ಧತೆ ಇದ್ದರೆ ಅದೂ ಸಾಕು. ಹಾಗಾಗಿ ಅಮ್ಮ ಮನೆಯಲ್ಲಿ ನುಂಗುತ್ತಿದ್ದ ಎಲ್ಲ ಮಾತ್ರೆಗಳ ಪಟ್ಟಿಯನ್ನು ಡಾಕ್ಟರಿಗೆ ಕೊಡಿ. ನಿದ್ದೆ ಮಾತ್ರೆ ಇದ್ದರೆ ಅದನ್ನು ಮುಚ್ಚಿಡಬೇಡಿ. ಅಪ್ಪಂದಿರ ವಿಷಯದಲ್ಲಿ ಕುಡಿತವನ್ನೂ ಮುಚ್ಚಿಡಬಾರದು. ದಿನಾ ಕುಡಿಯುವವರಿಗೆ ಅದು ಒಮ್ಮೆಲೇ ನಿಂತರೆ ಬರುವ ಡೆಲಿರಿಯಂಗೆ ಚಿಕಿತ್ಸೆಯೇ ಬೇರೆ, ತಡವಾದರೆ ಪ್ರಾಣಕ್ಕೂ ಅಪಾಯ.

ಕೂಗಾಡುವವರು ಎಲ್ಲರ ಕಣ್ಣಿಗೆ ಬೀಳುತ್ತಾರೆ. ನನಗೆ ಜಾಸ್ತಿ ಚಿಂತೆ ಸುಮ್ನೆ ಮಲಗಿರುವವರದು. ಕರೆದರೆ ಕಣ್ಣು ಬಿಡುತ್ತಾರೆ, ಮತ್ತೆ ಮಂಪರು. 'ರೆಸ್ಟ್ ತಗೋತಿದ್ದಾರೆ' ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಇದೂ ಡೆಲಿರಿಯಂ ಆಗಿರಬಹುದು, ಮತ್ತು ಇದೇ ಜಾಸ್ತಿ ತಪ್ಪಿಹೋಗುವುದು. ಅಮ್ಮ ಮೊದಲು ಹೇಗಿದ್ದರು ಅಂತ ಗೊತ್ತಿರುವುದು ನಿಮಗೆ ಮಾತ್ರ, ಡ್ಯೂಟಿ ಡಾಕ್ಟರಿಗೆ ಗೊತ್ತಿಲ್ಲ. 'ಮೊನ್ನೆವರೆಗೂ ಲೆಕ್ಕಪತ್ರ ಅವರೇ ನೋಡುತ್ತಿದ್ದರು, ಈಗ ನನ್ನ ಹೆಸರೂ ಹೇಳುತ್ತಿಲ್ಲ' ಅಂತ ಬಿಡಿಸಿ ಹೇಳಿ. ಬೆಳಿಗ್ಗೆ ಸರಿಯಿದ್ದು ಸಂಜೆ ಹೆಚ್ಚಾದರೆ ಅದನ್ನೂ ಹೇಳಿ.

ಕನ್ನಡಕ, ಕಿವಿಯ ಮೆಷಿನ್ ಮನೆಯಲ್ಲೇ ಉಳಿದಿದ್ದರೆ ಇವತ್ತೇ ತನ್ನಿ. ಕಣ್ಣು ಕಾಣದೆ, ಕಿವಿ ಕೇಳದೆ, ಹಗಲು ರಾತ್ರಿ ಒಂದೇ ಲೈಟಿನಡಿ ಮಲಗಿದರೆ ಯಾರಿಗಾದರೂ ದಿಕ್ಕು ತಪ್ಪುತ್ತದೆ. ಭೇಟಿಯ ಹೊತ್ತಿನಲ್ಲಿ ನೆಂಟರೆಲ್ಲ ಸರದಿಯಲ್ಲಿ ಹೋಗಿ 'ನಾನ್ಯಾರು ಹೇಳು' ಅಂತ ಪರೀಕ್ಷೆ ಮಾಡುವುದು ಬೇಡ. ಅಮ್ಮನಿಗೆ ತೀರಾ ಹತ್ತಿರದವರು ಒಬ್ಬಿಬ್ಬರೇ ಹೋಗಿ. ಹೆಸರು ಹೇಳಿ, ಇವತ್ತು ಯಾವ ವಾರ ಅಂತ ಹೇಳಿ, ಮನೆಯ ಸುದ್ದಿ ಹೇಳಿ.

ಹೆಚ್ಚಿನವರಿಗೆ ಕೆಲವು ದಿನ ಅಥವಾ ವಾರಗಳಲ್ಲಿ ಇದು ಇಳಿಯುತ್ತದೆ. ಕೆಲವರಿಗೆ ಮನೆಗೆ ಬಂದ ಮೇಲೂ ತಿಂಗಳುಗಟ್ಟಲೆ ಮರೆವು, ಗಮನ ನಿಲ್ಲದಿರುವುದು ಇರುತ್ತದೆ. ಡಿಸ್‌ಚಾರ್ಜ್ ದಿನವೇ ಇದರ ಬಗ್ಗೆ ಕೇಳಿ, ಮುಂದಿನ ತಪಾಸಣೆಯ ದಿನ ಬರೆಸಿಕೊಳ್ಳಿ. ಅಲ್ಲಿಯವರೆಗೆ ಮಾತ್ರೆಗಳನ್ನು ಅಮ್ಮನ ಕೈಗೆ ಬಿಡದೆ ನೀವೇ ಎಣಿಸಿ ಕೊಡಿ.