0.51 ಹೇಗೆ 0.31 ಆಯಿತು?

ಕೆಲಸ ಕೇಳಿಕೊಂಡು ಬಂದವರ ಬುದ್ಧಿಮತ್ತೆ ಪರೀಕ್ಷೆಯ ಅಂಕ ನೋಡಿ, ಮುಂದೆ ಅವರು ಹೇಗೆ ಕೆಲಸ ಮಾಡುತ್ತಾರೆ ಅಂತ ಹೇಳಬಹುದಾ? ಮ್ಯಾನೇಜ್‌ಮೆಂಟ್ ಓದಿದ ಅನೇಕರಿಗೆ ಇದರ ಉತ್ತರ ಬಾಯಿಪಾಠ: 0.51. ಪರೀಕ್ಷೆಯ ಅಂಕಕ್ಕೂ ಕೆಲಸಕ್ಕೂ ಇರುವ ನಂಟಿನ ಅಳತೆ ಇದು: ನಂಟೇ ಇಲ್ಲದಿದ್ದರೆ 0, ಪೂರ್ತಿ ಹೊಂದಿದರೆ 1. ಮನುಷ್ಯರ ವಿಷಯದಲ್ಲಿ 0.51 ದೊಡ್ಡ ಅಂಕಿಯೇ. 1998ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಫ್ರಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್ 85 ವರ್ಷಗಳ ಸಂಶೋಧನೆಯನ್ನು ಒಟ್ಟುಗೂಡಿಸಿ ಬರೆದ ಲೇಖನ ಇದನ್ನು ಎಲ್ಲೆಡೆ ಹರಡಿತು.

ಹಲವು ಅಧ್ಯಯನಗಳ ಫಲಿತಾಂಶ ಕೂಡಿಸಿ ಲೆಕ್ಕ ಹಾಕುವ ಈ ಕ್ರಮಕ್ಕೆ ಮೆಟಾ-ಅನಾಲಿಸಿಸ್ ಅಂತ ಹೆಸರಿಟ್ಟವರು ಅಮೆರಿಕದ ಶಿಕ್ಷಣ ಸಂಶೋಧಕ ಜೀನ್ ಗ್ಲಾಸ್, 1976ರಲ್ಲಿ. ಆಗ ಒಂದೇ ಪರೀಕ್ಷೆ ಒಂದು ಕಂಪನಿಯಲ್ಲಿ ಫಲ ಕೊಟ್ಟು ಇನ್ನೊಂದರಲ್ಲಿ ಕೈಕೊಟ್ಟರೆ, ಜಾಗ ಬೇರೆ ಅಲ್ವಾ, ಅದಕ್ಕೇ ಹೀಗೆ ಅನ್ನುವುದು ರೂಢಿಯಾಗಿತ್ತು. 1977ರಲ್ಲಿ ಶ್ಮಿಟ್ ಮತ್ತು ಹಂಟರ್ ಇದನ್ನು ಒಪ್ಪಲಿಲ್ಲ. ಐವತ್ತು ಅರವತ್ತು ಜನರ ಅಧ್ಯಯನದಲ್ಲಿ ಅಂಕಿ ಸುಮ್ನೆ ಹೆಚ್ಚುಕಮ್ಮಿ ಆಗುತ್ತದೆ, ಎಲ್ಲ ಸೇರಿಸಿದರೆ ಆ ವ್ಯತ್ಯಾಸ ಬಹುಪಾಲು ಕರಗುತ್ತದೆ ಎಂದರು. ನನ್ನ ಪ್ರಕಾರ ಇದು ನಿಜಕ್ಕೂ ದೊಡ್ಡ ಹೆಜ್ಜೆ.

ಆದರೆ ಅವರು ಬರೀ ಸರಾಸರಿಗೆ ನಿಲ್ಲಲಿಲ್ಲ, ತಿದ್ದುಪಡಿಯನ್ನೂ ಸೇರಿಸಿದರು. ಹೆಚ್ಚು ಅಂಕ ಪಡೆದವರನ್ನಷ್ಟೇ ಕೆಲಸಕ್ಕೆ ತೆಗೆದುಕೊಂಡರೆ ಕಡಿಮೆ ಅಂಕದವರು ಹೇಗೆ ಕೆಲಸ ಮಾಡುತ್ತಿದ್ದರು ಅಂತ ನಮಗೆ ತಿಳಿಯುವುದೇ ಇಲ್ಲ, ಉಳಿದವರ ಅಂಕಗಳೆಲ್ಲ ಹತ್ತಿರ ಹತ್ತಿರ ಇರುವುದರಿಂದ ನಂಟು ಇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಹಾಗಾಗಿ ಅಂಕಿಯನ್ನು ಮೇಲಕ್ಕೆ ಏರಿಸಬೇಕು. ತರ್ಕ ಸರಿಯಾಗಿಯೇ ಇದೆ.

ತೊಡಕು ಇದ್ದದ್ದು ಅದನ್ನು ಬಳಸಿದ ಕಡೆ. 2022ರಲ್ಲಿ ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು ಹಳೆಯ ಲೆಕ್ಕ ಬಿಚ್ಚಿ ನೋಡಿದರು. ಅನೇಕ ಅಧ್ಯಯನಗಳಲ್ಲಿ ಪರೀಕ್ಷೆ ಬರೆದವರು ಆಗಲೇ ಕೆಲಸದಲ್ಲಿದ್ದವರು, ಸಂಶೋಧನೆಗಾಗಿ ಬರೆದವರು. ಆ ಪರೀಕ್ಷೆಯಿಂದ ಆಯ್ಕೆಯಾದವರೇ ಅಲ್ಲ! ಅಂಥವರ ಅಂಕಗಳ ಹರವು ಅಷ್ಟೊಂದು ಕುಗ್ಗಿರುವುದಿಲ್ಲ. ಆದರೂ ತಿದ್ದುಪಡಿ ಎಲ್ಲದಕ್ಕೂ ಒಂದೇ ಸಮ ಬಿದ್ದಿತ್ತು. ಅವರ ಹೊಸ ಲೆಕ್ಕದಲ್ಲಿ ಬುದ್ಧಿಮತ್ತೆ ಪರೀಕ್ಷೆ 0.31ಕ್ಕೆ ಇಳಿಯಿತು. ಎಲ್ಲ ಅಭ್ಯರ್ಥಿಗಳಿಗೂ ಅವೇ ಪ್ರಶ್ನೆ ಕೇಳುವ ಸಂದರ್ಶನ 0.42ರೊಂದಿಗೆ ಮೇಲೆ ಬಂತು. ಇದನ್ನು ಒಪ್ಪದ ಸಂಶೋಧಕರೂ ಇದ್ದಾರೆ, ವಾದ ಇನ್ನೂ ನಡೆಯುತ್ತಿದೆ.

ಇನ್ನೊಂದು ಹಳೆಯ ಚಿಂತೆಯೂ ಇದೆ. ನಂಟು ಕಾಣದ ಅಧ್ಯಯನಗಳು ಅಚ್ಚಾಗದೆ ಮೇಜಿನ ಡ್ರಾಯರ್‌ನಲ್ಲೇ ಉಳಿಯುತ್ತವೆ ಅಂತ ರಾಬರ್ಟ್ ರೋಸೆಂತಾಲ್ 1979ರಲ್ಲೇ ಎಚ್ಚರಿಸಿದ್ದರು. ಯಾವ ತಿದ್ದುಪಡಿಯೂ ಅವನ್ನು ಪೂರ್ತಿ ಹೊರಗೆ ತರಲಾರದು.

ನನಗೆ ಬೇಕಿರುವುದು ಇಷ್ಟೇ. ತಿದ್ದುವ ಮೊದಲಿನ ಅಂಕಿ, ತಿದ್ದಿದ ಅಂಕಿ ಎರಡೂ ಒಂದೇ ಪಟ್ಟಿಯಲ್ಲಿ ಪಕ್ಕಪಕ್ಕ ಇರಲಿ. ಯಾವ ಅಧ್ಯಯನವನ್ನು ಯಾಕೆ ತಿದ್ದಿದೆವು ಅನ್ನುವುದನ್ನೂ ಅಲ್ಲೇ ಬರೆಯಲಿ. ಆಗ ಮುಂದಿನ ತಪ್ಪು ಹಿಡಿಯಲು ಮತ್ತೆ 24 ವರ್ಷ ಬೇಕಾಗಲಿಕ್ಕಿಲ್ಲ.