ಕೈಗಡವೋ, ಇಡುಗಂಟೋ? ಮನೆಯವರ ಬಳಿ ಇಟ್ಟ ಹಣವನ್ನು ಕೇಳುವ ಮುನ್ನ

ಐವತ್ತು ದಾಟಿದ ಹೆಣ್ಣುಮಗಳೊಬ್ಬರು ಅಣ್ಣನಿಗೆ ಕಳುಹಿಸಲೆಂದು ತಾವೇ ಬರೆದ ಪತ್ರವನ್ನು ನನ್ನ ಮೇಜಿನ ಮೇಲಿಟ್ಟರು. ಗಂಡ ತೀರಿಕೊಂಡಾಗ ಬಂದ ಭವಿಷ್ಯನಿಧಿಯ ಹಣವನ್ನು ಅವರು "ನಿನ್ನ ಹತ್ತಿರ ಇರಲಿ, ಬೇಕಾದಾಗ ಕೇಳುತ್ತೇನೆ" ಎಂದು ಅಣ್ಣನ ಖಾತೆಗೆ ಹಾಕಿ ಐದು ವರ್ಷವಾಗಿತ್ತು. ಆಮೇಲೆ ಆಸ್ತಿ ಪಾಲಿನ ವಿಚಾರದಲ್ಲಿ ಮಾತು ಬೆಳೆದು, ಎರಡು ಮನೆಗಳ ನಡುವೆ ಹೋಗಿಬರುವುದೇ ನಿಂತಿತ್ತು. ಪತ್ರದ ಮೊದಲ ಸಾಲು ಹೀಗಿತ್ತು: "ನಾನು ನಿನಗೆ ಸಾಲವಾಗಿ ಕೊಟ್ಟ ಹಣವನ್ನು ಕೂಡಲೇ ವಾಪಸು ಮಾಡು." ಪತ್ರ ಇನ್ನೂ ಅಂಚೆಗೆ ಬಿದ್ದಿಲ್ಲವೆಂದು ತಿಳಿದಾಗ ನನಗೆ ಸಮಾಧಾನವಾಯಿತು. ಆ ಒಂದು 'ಸಾಲ' ಎಂಬ ಪದವೇ ಅವರ ದಾವೆಗೆ ಮುಳುವಾಗುತ್ತಿತ್ತು.

1963ರ ಕಾಲಪರಿಮಿತಿ ಕಾಯ್ದೆಯ ಪ್ರಕಾರ, ಮರುಪಾವತಿಗೆ ದಿನ ಗೊತ್ತುಮಾಡದೆ ಕೊಟ್ಟ ಕೈಗಡದ ವಸೂಲಿಗೆ ಹಣ ಕೊಟ್ಟ ದಿನದಿಂದ 3 ವರ್ಷದೊಳಗೆ ದಾವೆ ಹೂಡಬೇಕು. "ಕೇಳಿದಾಗ ಕೊಡು" ಎಂದು ಕೊಟ್ಟ ಸಾಲಕ್ಕೂ ಎಣಿಕೆ ಶುರುವಾಗುವುದು ಕೊಟ್ಟ ದಿನದಿಂದಲೇ. ಆದರೆ ಕೇಳಿದಾಗ ಹಿಂತಿರುಗಿಸಬೇಕೆಂಬ ಒಪ್ಪಂದದ ಮೇಲೆ ಇಟ್ಟ ಠೇವಣಿ, ಅಂದರೆ ನಮ್ಮ ಮಾತಿನ ಇಡುಗಂಟು, ಅದೇ ಕಾಯ್ದೆಯ ಅನುಸೂಚಿಯ 22ನೇ ಅನುಚ್ಛೇದಕ್ಕೆ ಬರುತ್ತದೆ, ಮತ್ತು ಅಲ್ಲಿ 3 ವರ್ಷದ ಲೆಕ್ಕ ಹಣ ವಾಪಸು ಕೇಳಿದ ದಿನದಿಂದ ಆರಂಭವಾಗುತ್ತದೆ. ಸಾಲವೆಂದುಕೊಂಡರೆ ಈಕೆಯ ಅವಧಿ ಎರಡು ವರ್ಷ ಹಿಂದೆಯೇ ಮುಗಿದಿತ್ತು, ಇಡುಗಂಟೆಂದರೆ ಇನ್ನೂ ಶುರುವಾಗಿರಲೇ ಇಲ್ಲ. ಹಾಗೆಂದು ಕೊಟ್ಟ ಸಾಲವನ್ನೇ ಇಡುಗಂಟೆಂದು ತೋರಿಸಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ನಡೆದದ್ದನ್ನು ನಡೆದ ಹಾಗೆ, ಸರಿಯಾದ ಪದದಲ್ಲಿ ಬರೆಯಿರಿ ಎಂದಷ್ಟೇ ನನ್ನ ಒತ್ತಾಯ.

ಇದು ಸಾಲವೋ ಇಡುಗಂಟೋ ಎಂಬುದನ್ನು ನ್ಯಾಯಾಲಯ ಸಂದರ್ಭದಿಂದ ಅಳೆಯುತ್ತದೆ. ಯಾರ ಅಗತ್ಯಕ್ಕಾಗಿ ಹಣ ಕೈಬದಲಾಯಿಸಿತು, ಪಡೆದವರು ತಮ್ಮ ಖರ್ಚಿಗೆಂದು ಕೇಳಿ ಪಡೆದರೋ ಅಥವಾ ಕೊಟ್ಟವರು ಭದ್ರತೆಗಾಗಿ ತಾವಾಗಿ ಒಪ್ಪಿಸಿದರೋ, ನಂತರದ ಮಾತುಕತೆಯಲ್ಲಿ ಅದನ್ನು ಯಾರ ಹಣವೆಂದು ಕರೆದರು ಎಂಬುದೆಲ್ಲ ಮುಖ್ಯವಾಗುತ್ತದೆ. ಬ್ಯಾಂಕಿನ ಪಾಸ್‌ಬುಕ್ ಹಣ ಹೋದದ್ದನ್ನು ತೋರಿಸುತ್ತದೆ, ಏಕೆ ಹೋಯಿತೆಂಬುದನ್ನು ಹೇಳುವುದಿಲ್ಲ; ಆ ಖಾಲಿ ಜಾಗದಲ್ಲೇ ಎದುರು ಪಕ್ಷದವರು "ಪ್ರೀತಿಯಿಂದ ಕೊಟ್ಟದ್ದು", "ಅಮ್ಮನ ಆಸ್ಪತ್ರೆ ಖರ್ಚಿಗೆ ಕೊಟ್ಟದ್ದು" ಎಂಬ ವಾದಗಳನ್ನು ತಂದು ಕೂರಿಸುತ್ತಾರೆ. ಈಕೆಯ ಫೋನಿನಲ್ಲಿ ನಾವು ಹಿಂದಕ್ಕೆ ಹಿಂದಕ್ಕೆ ಹೋಗಿ ಹುಡುಕಿದಾಗ ಅಣ್ಣನದೇ ಒಂದು ವಾಟ್ಸಾಪ್ ಸಂದೇಶ ಸಿಕ್ಕಿತು: "ನಿನ್ನ ದುಡ್ಡು ಎಫ್‌ಡಿ ಮಾಡಿಸಿದ್ದೀನಿ, ಯೋಚನೆ ಮಾಡಬೇಡ ಕಣೇ." ಜಗಳದ ಸಿಟ್ಟಿನಲ್ಲಿ ಆಕೆ ಆ ಸಂಭಾಷಣೆಯನ್ನು ಅಳಿಸಿಹಾಕುವವರಿದ್ದರಂತೆ, ಮಗಳು ತಡೆದಿದ್ದಳು. ಇಂಥ ಸಂದೇಶದ ಪ್ರತಿಯನ್ನು ಸಾಕ್ಷ್ಯವಾಗಿ ಹಾಜರುಪಡಿಸಲು 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ, ಅದು ಯಾವ ಫೋನಿನಿಂದ ಬಂತೆಂದು ದೃಢೀಕರಿಸುವ ಪ್ರಮಾಣಪತ್ರ ಬೇಕಾಗುತ್ತದೆ. ಆದ್ದರಿಂದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡೆವೆಂದು ಹಳೆಯ ಫೋನನ್ನು ಮಾರಿಬಿಡಬೇಡಿ.

ಹಣ ವಾಪಸು ಕೇಳುವ ನೋಟಿಸನ್ನು ಅವಸರದಲ್ಲಿ ಕೊಡಬಾರದು, ಕೊಟ್ಟ ಮೇಲೆ ಸುಮ್ಮನೆ ಕೂರಲೂಬಾರದು. ಒಮ್ಮೆ ಸ್ಪಷ್ಟವಾಗಿ ಕೇಳಿದಿರೆಂದರೆ ಗಡಿಯಾರ ಓಡತೊಡಗುತ್ತದೆ, ಮತ್ತೆ ಮತ್ತೆ ಕೇಳಿದ್ದರಿಂದ ಅದು ಹಿಂದಕ್ಕೆ ತಿರುಗುವುದಿಲ್ಲ. "ಹಬ್ಬ ಕಳೆಯಲಿ, ಮದುವೆ ಮುಗಿಯಲಿ" ಎಂಬ ಬಾಯಿಮಾತಿನ ಭರವಸೆಗಳಲ್ಲಿ 3 ವರ್ಷ ಸವೆದುಹೋದ ಪ್ರಕರಣಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಪ್ರತಿ ಸಲವೂ ಮನಸ್ಸಿಗೆ ನೋವಾಗಿದೆ. ಅವಧಿ ಮುಗಿಯುವ ಮೊದಲು ಆ ವ್ಯಕ್ತಿ ಹಣ ಕೊಡಬೇಕಾಗಿದೆ ಎಂದು ಬರವಣಿಗೆಯಲ್ಲಿ ಒಪ್ಪಿ ಸಹಿ ಮಾಡಿದರೆ, ಕಾಲಪರಿಮಿತಿ ಕಾಯ್ದೆಯ 18ನೇ ಕಲಮಿನಡಿ, ಸಹಿಯ ದಿನದಿಂದ ಹೊಸ ಅವಧಿ ಸಿಗುತ್ತದೆ.

ಪೊಲೀಸ್ ದೂರಿನ ಬಗ್ಗೆ ಬಹಳ ಮಂದಿ ಕೇಳುತ್ತಾರೆ. ನಂಬಿ ಒಪ್ಪಿಸಿದ ಹಣವನ್ನು ಅಪ್ರಾಮಾಣಿಕವಾಗಿ ಸ್ವಂತಕ್ಕೆ ಬಳಸಿಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಮಿನಡಿ ಅಪರಾಧ, 5 ವರ್ಷದವರೆಗೂ ಶಿಕ್ಷೆಯಾಗಬಹುದು. 2024ರ ಜುಲೈ 1ಕ್ಕಿಂತ ಹಿಂದೆ ನಡೆದ ಕೃತ್ಯಕ್ಕೆ ಹಳೆಯ ದಂಡ ಸಂಹಿತೆಯ 406ನೇ ಕಲಮು ಅನ್ವಯಿಸುತ್ತದೆ. ಆದರೆ ಹಣ ಕೊಡಲು ತಡಮಾಡಿದ್ದಷ್ಟೇ ಅಪರಾಧವಾಗುವುದಿಲ್ಲ, ಅಪ್ರಾಮಾಣಿಕ ಉದ್ದೇಶವನ್ನು ತೋರಿಸಬೇಕು. ಕೇವಲ ಹೆದರಿಸಲು ದೂರು ಕೊಟ್ಟು, ಅದು ಸಿವಿಲ್ ವ್ಯಾಜ್ಯವೆಂದು ಹಿಂದಿರುಗಿ ಬರುವಷ್ಟರಲ್ಲಿ ದಾವೆಯ ಅವಧಿಯನ್ನು ಕಳೆದುಕೊಳ್ಳುವುದು ದುಬಾರಿ ತಪ್ಪು.

ನಿಮ್ಮ ಹಣದಿಂದ ಅವರು ತಮ್ಮ ಹೆಸರಿಗೆ ಸೈಟು ಖರೀದಿಸಿದ್ದರೆ ದಾರಿ ಇನ್ನೂ ಕಿರಿದು. 1988ರ ಬೇನಾಮಿ ಕಾಯ್ದೆ ಅಂಥ ಆಸ್ತಿಯ ಮೇಲಿನ ಹಕ್ಕಿನ ದಾವೆಯನ್ನು ತಡೆಯುತ್ತದೆ, ವಿನಾಯಿತಿಗಳು ಕೆಲವೇ. ಒಡಹುಟ್ಟಿದವರ ವಿಚಾರದಲ್ಲಾದರೆ ದಾಖಲೆಯಲ್ಲಿ ನಿಮ್ಮ ಹೆಸರೂ ಜಂಟಿಯಾಗಿ ಇರಬೇಕು, ಹಣದ ಮೂಲವೂ ಗೊತ್ತಿರಬೇಕು.

ಈಕೆಯ ಪ್ರಕರಣದಲ್ಲಿ ನಾವು ನೋಟಿಸನ್ನು ಹೊಸದಾಗಿ ಬರೆದೆವು. ಹಣ ಹಾಕಿದ ದಿನಾಂಕ, ಮೊತ್ತ, ಅಣ್ಣನ ಸಂದೇಶ, ಹಿಂತಿರುಗಿಸಲು ಮೂವತ್ತು ದಿನ, ಅಷ್ಟೇ. ಆಸ್ತಿ ಜಗಳದ ಒಂದಕ್ಷರವೂ ಅದರಲ್ಲಿರಲಿಲ್ಲ. ಉತ್ತರ ಬಾರದಿದ್ದಾಗ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ವ್ಯಾಜ್ಯಪೂರ್ವ ಅರ್ಜಿ, ಅಂದರೆ ದಾವೆ ಹೂಡುವ ಮೊದಲೇ ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಸಿ ಎಂಬ ಅರ್ಜಿ, ಹಾಕಿದೆವು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಹೆಣ್ಣುಮಕ್ಕಳಿಗೆ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ, ಮತ್ತು ಲೋಕ ಅದಾಲತ್‌ನಲ್ಲಿ ಆದ ರಾಜಿ ಸಿವಿಲ್ ನ್ಯಾಯಾಲಯದ ಡಿಕ್ರಿಗೆ ಸಮ. ಅದರ ಮೇಲೆ ಅಪೀಲು ಇಲ್ಲ. ಎರಡನೆಯ ಬೈಠಕ್ಕಿಗೆ ಅಣ್ಣ ಬಂದರು. ತಂಗಿಯ ಮುಖ ನೋಡದೆ ಬಹಳ ಹೊತ್ತು ಕೂತಿದ್ದು, ಕೊನೆಗೆ ಮೂರು ಕಂತಿಗೆ ಒಪ್ಪಿದರು. ಬಡ್ಡಿಯ ಮಾತನ್ನು ಆಕೆಯೇ ಬೇಡವೆಂದರು. ಪ್ರತಿ ಕಂತಿನ ದಿನಾಂಕ, ಖಾತೆ ಸಂಖ್ಯೆ, ಒಂದು ಕಂತು ತಪ್ಪಿದರೆ ಉಳಿದದ್ದೆಲ್ಲ ಒಟ್ಟಿಗೆ ಕೊಡಬೇಕೆಂಬ ಷರತ್ತು, ಇವನ್ನು ರಾಜಿಪತ್ರದಲ್ಲಿ ಬರೆಸಿದ ಮೇಲೆಯೇ ಇಬ್ಬರ ಸಹಿಯೂ ಬಿತ್ತು.