ಐಸಿಯು ಬೆಡ್ ಪಕ್ಕ ನರ್ಸ್ ಎಷ್ಟು ಜನ ಇರಬೇಕು? ತೀರದ ಲೆಕ್ಕವೊಂದರ ಹಿನ್ನೆಲೆ

ತುರ್ತು ಚಿಕಿತ್ಸೆಗೆ ಬಂದ ರೋಗಿ ಆಸ್ಪತ್ರೆಯಲ್ಲಿ ತೀರಿಕೊಂಡರೆ ಎಲ್ಲರೂ ಕೇಳುವುದು ಡಾಕ್ಟರ್ ಇದ್ದರಾ, ವೆಂಟಿಲೇಟರ್ ಸಿಕ್ಕಿತಾ ಅಂತ. ಆ ರಾತ್ರಿ ಡ್ಯೂಟಿಯಲ್ಲಿದ್ದ ನರ್ಸ್ ಎಷ್ಟು ರೋಗಿಗಳನ್ನು ನೋಡಿಕೊಳ್ಳುತ್ತಿದ್ದರು ಅಂತ ಕೇಳುವವರು ಕಡಿಮೆ. ನಿಯಮ ಇಲ್ಲ ಅಂತೇನಲ್ಲ. ಐಸಿಯುನಲ್ಲಿ ಒಬ್ಬ ರೋಗಿಗೆ ಒಬ್ಬ ನರ್ಸ್ ಅಂತ ಬರೆದಿಟ್ಟು ದಶಕಗಳೇ ಕಳೆದಿವೆ. ಅದು ಯಾಕೆ ಕಾಗದದಲ್ಲೇ ಉಳಿಯಿತು ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಐಸಿಯು ಹುಟ್ಟಿದ್ದೇ ಮನುಷ್ಯರ ಕೈಯಿಂದ. 1952ರಲ್ಲಿ ಡೆನ್ಮಾರ್ಕ್‌ನ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹರಡಿತು. ಉಸಿರಾಟದ ಸ್ನಾಯು ಸೋತ ರೋಗಿಗಳಿಗೆ ಸಾಕಾಗುವಷ್ಟು ಯಂತ್ರಗಳಿರಲಿಲ್ಲ. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್, ಗಂಟಲಿಗೆ ಕೊಳವೆ ಹಾಕಿ ರಬ್ಬರ್ ಚೀಲವನ್ನು ಕೈಯಲ್ಲೇ ಒತ್ತಿ ಗಾಳಿ ಕೊಡಿಸಿದರು. ಸುಮಾರು 1,500 ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯಲ್ಲಿ ಕೂತು ಹಗಲೂ ರಾತ್ರಿ ಚೀಲ ಒತ್ತಿದರು, ಜೊತೆಗೆ ನರ್ಸ್‌ಗಳು ನಿಂತರು. ಸಾವು ಬಹಳ ಇಳಿಯಿತು. ಬೆಡ್ ಪಕ್ಕ ಸದಾ ಒಬ್ಬರು ಇರಬೇಕು ಎನ್ನುವುದು ಅಲ್ಲಿಂದಲೇ ಗಟ್ಟಿಯಾಯಿತು.

ನಮ್ಮಲ್ಲಿ ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿದ 1946ರ ಭೋರ್ ಸಮಿತಿ ಲೆಕ್ಕ ಹಾಕಿದಾಗ ಇಡೀ ದೇಶಕ್ಕೆ ತರಬೇತಿ ಪಡೆದ ನರ್ಸ್‌ಗಳು ಸುಮಾರು 7,000. ಮರುವರ್ಷ ಭಾರತೀಯ ನರ್ಸಿಂಗ್ ಪರಿಷತ್ತಿನ ಕಾಯ್ದೆ ಬಂತು. ಮುಂದಿನ ನಲವತ್ತು ವರ್ಷ ನರ್ಸಿಂಗ್ ಅಂದರೆ ಹೆಚ್ಚಾಗಿ ವಾರ್ಡ್, ಹೆರಿಗೆ, ಲಸಿಕೆ. 1990ರ ದಶಕದ ಆರಂಭದಲ್ಲಿ ಎಲ್ಲಿ ಎಷ್ಟು ಹುದ್ದೆ ಬೇಕೆಂದು ಲೆಕ್ಕ ಹಾಕುವ ಕೇಂದ್ರದ ಸಿಬ್ಬಂದಿ ತಪಾಸಣಾ ಘಟಕವೇ ಐಸಿಯುಗೆ ಒಂದಕ್ಕೊಂದು ಎಂಬ ಪ್ರಮಾಣ ಹೇಳಿತು. ನರ್ಸಿಂಗ್ ಪರಿಷತ್ತಿನ ಮಾನದಂಡವೂ ಅದೇ.

ಈ ಒಂದಕ್ಕೊಂದು ಎಂಬುದನ್ನು ಕೇಳಿದವರು ಹತ್ತು ಬೆಡ್‌ಗೆ ಹತ್ತು ನರ್ಸ್ ಸಾಕು ಅಂದುಕೊಳ್ಳುತ್ತಾರೆ. ದಿನಕ್ಕೆ ಮೂರು ಪಾಳಿ, ಅಲ್ವಾ? ಅಲ್ಲಿಗೇ ಮೂವತ್ತಾಯಿತು. ವಾರದ ರಜೆ, ಕಾಯಿಲೆ, ಹೆರಿಗೆ ರಜೆ ಅಂತ ಶೇ 30 ಸೇರಿಸಿದರೆ ಹತ್ತಿರ ಹತ್ತಿರ ನಲವತ್ತು. ಅಂದರೆ ಒಂದು ಬೆಡ್‌ಗೆ ನಾಲ್ಕು ಹುದ್ದೆ. ಬೆಡ್ಡು, ಯಂತ್ರಕ್ಕೆ ಒಂದು ಸಲ ದುಡ್ಡು ಕೊಟ್ಟರಾಯಿತು. ಹುದ್ದೆಗೆ ಪ್ರತಿ ತಿಂಗಳೂ ಸಂಬಳ ಕೊಡಬೇಕು. ಎಲ್ಲಾ ಕಡೆ ಮೊದಲನೆಯದೇ ಸುಲಭವಾಗಿ ಮಂಜೂರಾಯಿತು.

ಹಾಗಂತ ಕಲಿತವರಿಗೆ ಕೊರತೆ ಇರಲಿಲ್ಲ. ಕರ್ನಾಟಕದಲ್ಲಂತೂ 1990ರ ದಶಕದಿಂದಲೇ ನರ್ಸಿಂಗ್ ಕಾಲೇಜುಗಳು ಬೀದಿಗೊಂದರಂತೆ ತೆರೆದವು. ಕೇರಳ, ಈಶಾನ್ಯ ರಾಜ್ಯಗಳಿಂದ ಮಕ್ಕಳು ಬೆಂಗಳೂರು, ಮಂಗಳೂರಿಗೆ ಬಂದರು. ಕಲಿತು ಒಂದೆರಡು ವರ್ಷ ಐಸಿಯು ಅನುಭವ ಆಯಿತು ಎನ್ನುವಷ್ಟರಲ್ಲಿ ಕೊಲ್ಲಿ ದೇಶ, ಬ್ರಿಟನ್ ಕರೆಯಿತು. ಉಳಿದವರಿಗೆ ಸಿಕ್ಕಿದ್ದು ಬಹುಮಟ್ಟಿಗೆ ಗುತ್ತಿಗೆ ಕೆಲಸ. ಕೈ ಪಳಗಿದವರು ಹೋದ ಜಾಗಕ್ಕೆ ಈಗಷ್ಟೇ ಪರೀಕ್ಷೆ ಪಾಸಾದವರು ಬಂದರು.

ಪಳಗುವುದು ಅಂದರೆ ಏನು? ವೆಂಟಿಲೇಟರ್ ಮೇಲಿರುವ ರೋಗಿ ಮಾತಾಡಲಾರರು. ಕೊಳವೆಯಲ್ಲಿ ಕಫ ಕಟ್ಟಿದರೆ ಸಕ್ಷನ್ ಮಾಡಬೇಕು, ಅಂದರೆ ಹೀರಿ ತೆಗೆಯಬೇಕು. ಶ್ವಾಸಕೋಶಕ್ಕೆ ಸೋಂಕು ತಗಲದಂತೆ ತಲೆಯ ಭಾಗವನ್ನು 30ರಿಂದ 45 ಡಿಗ್ರಿ ಎತ್ತರಿಸಿಡಬೇಕು, ಬಾಯಿ ಸ್ವಚ್ಛ ಮಾಡುತ್ತಿರಬೇಕು. ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸಬೇಕು. ಗಂಟೆಗೊಮ್ಮೆ ಮೂತ್ರ ಅಳೆಯಬೇಕು. ಮೂತ್ರ ಕಡಿಮೆಯಾಗಿದೆ, ಉಸಿರು ಸ್ವಲ್ಪ ಜಾಸ್ತಿಯಾಗಿದೆ, ರೋಗಿ ಯಾಕೋ ಮಂಕಾಗಿದ್ದಾರೆ. ಇಂಥ ಸಣ್ಣ ಬದಲಾವಣೆ ಬಿಪಿ ಕುಸಿಯುವ ಮೊದಲೇ ಕಾಣುತ್ತದೆ. ಅದನ್ನು ಕಂಡು ಡಾಕ್ಟರನ್ನು ಕರೆಯುವವರು ನರ್ಸ್. ನಾಲ್ಕು ಬೆಡ್ ನಡುವೆ ಓಡುವವರಿಗೆ ಅದು ಕಾಣಲು ಹೇಗೆ ಸಾಧ್ಯ?

ಕೋವಿಡ್ ಬಂದಾಗ ಈ ಬಿರುಕು ಎಲ್ಲರಿಗೂ ಕಂಡಿತು. 2020ರಲ್ಲಿ ಪಿಎಂ ಕೇರ್ಸ್ ನಿಧಿಯಿಂದ 50,000 ವೆಂಟಿಲೇಟರ್‌ಗಳಿಗೆ ಹಣ ಬಿಡುಗಡೆಯಾಯಿತು. ಎಷ್ಟೋ ಕಡೆ ಅವು ನಡೆಸುವವರಿಲ್ಲದೆ ಸುಮ್ನೆ ಮೂಲೆಯಲ್ಲಿವೆ ಅಂತ ಪತ್ರಿಕೆಗಳು ಬರೆದವು. ಎರಡನೇ ಅಲೆಯಲ್ಲಿ ಆಮ್ಲಜನಕದ ಲೆಕ್ಕವೂ ನರ್ಸ್‌ಗಳ ತಲೆಗೇ ಬಂತು. ಮೂಗಿನ ಮೂಲಕ ಜೋರಾಗಿ ಆಮ್ಲಜನಕ ಕೊಡುವ ಹೈ ಫ್ಲೋ ಯಂತ್ರ ನಿಮಿಷಕ್ಕೆ 60 ಲೀಟರ್‌ವರೆಗೆ ಎಳೆಯುತ್ತದೆ. ಸುಮಾರು 7,000 ಲೀಟರಿನ ಜಂಬೊ ಸಿಲಿಂಡರ್ ಆ ವೇಗದಲ್ಲಿ ಎರಡು ಗಂಟೆಯೂ ಬಾರದು. ಮೀಟರಿನ ಮುಳ್ಳು ಯಾವಾಗ ಇಳಿಯುತ್ತದೆ ಅಂತ ಒಂದು ಕಣ್ಣು ಅಲ್ಲೇ ಇರಬೇಕಿತ್ತು.

ರೋಗಿಯನ್ನು ಬೋರಲು ಮಲಗಿಸುವುದು ಇನ್ನೊಂದು ಕೆಲಸ. ಶ್ವಾಸಕೋಶ ತೀವ್ರವಾಗಿ ಕೆಟ್ಟವರನ್ನು ದಿನಕ್ಕೆ 16 ಗಂಟೆ ಹಾಗೆ ಮಲಗಿಸಿದರೆ ಉಳಿಯುವ ಸಾಧ್ಯತೆ ಹೆಚ್ಚು ಎಂದು 2013ರಲ್ಲೇ ಗೊತ್ತಾಗಿತ್ತು. ಕೊಳವೆ, ಡ್ರಿಪ್ ಯಾವುದೂ ಜಾರದಂತೆ ಒಬ್ಬರನ್ನು ತಿರುಗಿಸಲು ನಾಲ್ಕೈದು ಜನ ಬೇಕು. ಅದೂ ಪಿಪಿಇ ಕಿಟ್ ಒಳಗೆ, ಬೆವರಿನಲ್ಲಿ, ನೀರು ಕುಡಿಯದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಆದರೆ ಆ ದಿನಗಳಲ್ಲಿ ತಾತ್ಕಾಲಿಕವಾಗಿ ತೆಗೆದುಕೊಂಡ ಎಷ್ಟೋ ಜನರ ಗುತ್ತಿಗೆ ಅಲೆ ಇಳಿದ ಮೇಲೆ ಮುಗಿದುಹೋಯಿತು. ಐಸಿಯು ಬೆಡ್‌ಗಳು ಮಾತ್ರ ಉಳಿದವು. ಇದು ನ್ಯಾಯವಲ್ಲ ಎನ್ನುವುದಕ್ಕಿಂತ, ಇದು ಅಪಾಯ.

ಅಪಾಯ ಎಂಬ ಮಾತಿಗೆ ಆಧಾರವೂ ಇದೆ. ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಗಳನ್ನು ನೋಡಿದ 2002ರ ಅಧ್ಯಯನದಲ್ಲಿ, ಪ್ರತಿ ನರ್ಸ್‌ಗೆ ಒಬ್ಬ ರೋಗಿ ಹೆಚ್ಚಾದಂತೆ ಶಸ್ತ್ರಚಿಕಿತ್ಸೆಯಾದವರು 30 ದಿನದೊಳಗೆ ಸಾಯುವ ಸಾಧ್ಯತೆ ಶೇ 7ರಷ್ಟು ಹೆಚ್ಚಿತ್ತು. ಕ್ಯಾಲಿಫೋರ್ನಿಯಾ 1999ರಲ್ಲೇ ಕಾನೂನು ಮಾಡಿ 2004ರಿಂದ ಜಾರಿಗೆ ತಂದಿದೆ. ಐಸಿಯುನಲ್ಲಿ ಒಬ್ಬ ನರ್ಸ್‌ಗೆ ಎರಡಕ್ಕಿಂತ, ಎಮರ್ಜೆನ್ಸಿಯಲ್ಲಿ ನಾಲ್ಕಕ್ಕಿಂತ ಜಾಸ್ತಿ ರೋಗಿಗಳನ್ನು ಕೊಡುವಂತಿಲ್ಲ. ನರ್ಸ್ ಊಟಕ್ಕೆ ಹೋದಾಗಲೂ ಈ ಲೆಕ್ಕ ತಪ್ಪಬಾರದು. ನಮ್ಮ ಪ್ರಮಾಣ ಅದಕ್ಕಿಂತ ಕಟ್ಟುನಿಟ್ಟು, ಆದರೆ ಅದು ಶಿಫಾರಸು.

ಇಲ್ಲಿ ಕೆಲಸ ಆಗಿಲ್ಲ ಅಂತಲ್ಲ. 2016ರಲ್ಲಿ ಸುಪ್ರೀಂ ಕೋರ್ಟ್ ಸೂಚನೆಯಂತೆ ನೇಮಿಸಿದ ಸಮಿತಿ, ಖಾಸಗಿ ಆಸ್ಪತ್ರೆಯ ನರ್ಸ್‌ಗಳಿಗೆ ತಿಂಗಳಿಗೆ ಕನಿಷ್ಠ 20,000 ರೂಪಾಯಿ ಸಂಬಳ ಇರಬೇಕೆಂದಿತು. ಅದೇ ಹೊತ್ತಿಗೆ ತೀವ್ರ ನಿಗಾ ಆರೈಕೆಗೆಂದೇ ಎರಡು ವರ್ಷದ ಸ್ನಾತಕೋತ್ತರ ಕೋರ್ಸ್ ಬಂತು. ಓದಿ ಬಂದವರಿಗೆ ಬಹಳ ಕಡೆ ಆ ಹೆಸರಿನ ಹುದ್ದೆಯೇ ಇಲ್ಲ. 2023ರ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗ ಕಾಯ್ದೆ 1947ರ ಹಳೆ ಕಾಯ್ದೆಯ ಜಾಗಕ್ಕೆ ಬಂದಿದೆ. ಅದರ ಗಮನ ಶಿಕ್ಷಣ, ನೋಂದಣಿಯ ಮೇಲೆ. ಒಬ್ಬ ನರ್ಸ್‌ಗೆ ಎಷ್ಟು ರೋಗಿ ಎಂಬ ಸಂಖ್ಯೆ ಅದರಲ್ಲಿಲ್ಲ.

ಆಸ್ಪತ್ರೆ ರಾಜ್ಯದ ವಿಷಯ, ಹಾಗಾಗಿ ಆ ಸಂಖ್ಯೆ ಬರಬೇಕಾದರೆ ರಾಜ್ಯದಿಂದಲೇ ಬರಬೇಕು. ಖಾಸಗಿ ಆಸ್ಪತ್ರೆಗಳ ನೋಂದಣಿಗೆ ಕರ್ನಾಟಕದಲ್ಲಿ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆ ಇದೆ. ಪಾಳಿವಾರು ನರ್ಸ್ ಸಂಖ್ಯೆಯನ್ನು ಅದರ ಷರತ್ತುಗಳಲ್ಲಿ ಸೇರಿಸಬಹುದು. ಸರ್ಕಾರಿ ಆಸ್ಪತ್ರೆಗೆ ಹೊಸ ಐಸಿಯು ಬೆಡ್ ಕೇಳುವ ಕಡತದಲ್ಲೇ ಬೆಡ್‌ಗೆ ನಾಲ್ಕರಂತೆ ಕಾಯಂ ನರ್ಸ್ ಹುದ್ದೆಗಳನ್ನೂ ಕೇಳಬೇಕು, ಎರಡೂ ಒಟ್ಟಿಗೇ ಮಂಜೂರಾಗಬೇಕು.